ಸೊಲಾಂಜ್ ಬಿಟ್ಟುಕೊಟ್ಟ ಗಿರಣಿ ದಾರಿ

ಮಾರ್ಸೊಲ್ ಊರಿನ ಕೆಫೆ ನನ್ನದು. ಗಲ್ಲಾದ ಹಿಂದೆ ನಿಂತು ನಿಂತೇ ಕೂದಲು ಹಣ್ಣಾಯಿತು. ಕಾಫಿ ಲೋಟ ಹಿಡಿಯುವ ಕೈ ನೋಡಿದರೆ ಸಾಕು, ಮನುಷ್ಯ ಎಂಥವನು ಅಂತ ಹೇಳಿಬಿಡುತ್ತೇನೆ ಅಂತ ಜಂಬ ಕೊಚ್ಚುತ್ತಿದ್ದೆ. ಲೂಸಿಯೆನ್ ಮಜೋ ಆ ಜಂಬ ಇಳಿಸಿದ. ಆದರೆ ನಾನು ಹೇಳಹೊರಟದ್ದು ಅವನ ಕಥೆಯಲ್ಲ, ಅವನಿಗೊಂದು ಕಥೆ ಬೇರೆ ಕೇಡು. ಇದು ಸೊಲಾಂಜ್ ಪೇರಾಳ ಕಥೆ.

ಸೊಲಾಂಜ್ ನಮ್ಮೂರಿನ ಅಂಚೆಯವಳು. ಇಲಾಖೆ ವ್ಯಾನು ಕೊಟ್ಟಿದ್ದರೂ ಗುಡ್ಡದ ಮೇಲಿನ ಒಂಟಿ ಮನೆಗಳಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ದನಿ ಎಂಥದ್ದು ಅಂದರೆ, ಇಳಿಜಾರಿನಲ್ಲಿ ಅವಳು ಬೈದರೆ ಕಣಿವೆಯಾಚೆಯ ನಾಯಿ ಬೊಗಳಬೇಕು. ಗಂಡ ಅರ್ಮಾಂ ಮೆತ್ತಗಿನ ಮನುಷ್ಯ. ಒಂದು ಅಕ್ಟೋಬರಿನಲ್ಲಿ ಅವನು ಸೈಕಲ್ಲಿನಲ್ಲಿ ಅಣಬೆ ತರುತ್ತಿದ್ದಾಗ ಡಾಂಬರು ರಸ್ತೆಯಲ್ಲಿ ಮರ ಸಾಗಿಸುವ ಲಾರಿ ಹೊಡೆಯಿತು. ಮೊದಲು ನೋಡಿದವನು ಲೂಸಿಯೆನ್. ಪಕ್ಕದ ಹೊಲದಿಂದ ಓಡಿಬಂದು, ಅರ್ಮಾಂನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಊರಿಗೆ ತಂದ. ಉಸಿರು ದಾರಿಯಲ್ಲೇ ಹೋಗಿತ್ತು.

ಅದಾದ ಮೇಲೆ ಸೊಲಾಂಜ್‌ಗೆ ಒಂದೇ ಹಟ. ಲಾರಿ, ಕಾರು ಯಾವುದರ ಮುಖವನ್ನೂ ನೋಡದೆ ಸೈಕಲ್ ತುಳಿಯುವವರು ಇಡೀ ದಿನ ಸುತ್ತಿ ಬರುವಂಥ ದಾರಿ ಮಾಡಬೇಕು. ಹೊಸದಾಗಿ ಕಡಿಯುವುದೇನೂ ಇರಲಿಲ್ಲ. ಹಳಿ ಕಿತ್ತ ರೈಲು ದಾರಿಯಲ್ಲಿ ಜಲ್ಲಿ ಇನ್ನೂ ಇತ್ತು. ಚೆಸ್ಟ್‌ನಟ್ ಕಾಡಿನೊಳಗೆ ಗಾಡಿ ಜಾಡು ಇತ್ತು. ಎರಡನ್ನೂ ಕೂಡಿಸುವುದು ಹೊಳೆಯ ಪಕ್ಕದ ಗಿರಣಿ ದಾರಿ. ಅದೊಂದು ಇಲ್ಲದಿದ್ದರೆ ಮತ್ತೆ ಅದೇ ಡಾಂಬರು ರಸ್ತೆಗೆ, ಮರದ ಲಾರಿಗಳ ಬಾಯಿಗೆ ಬೀಳಬೇಕು. ಅವಳು ಸೈಕಲ್ಲಿಗೆ ಮಚ್ಚು ಕಟ್ಟಿಕೊಂಡು ಮುಳ್ಳು ಕಡಿದಳು, ಮರಗಳಿಗೆ ಹಳದಿ ಬಾಣದ ಹಲಗೆ ಹೊಡೆದಳು. ನಿಧಾನವಾಗಿ ಜನ ಬಂದರು, ಪ್ಯಾರಿಸ್ಸಿನವರು, ಬೆಲ್ಜಿಯಂನವರು, ದಪ್ಪ ಟೈರಿನ ಸೈಕಲ್ಲು ಹಾಕಿಕೊಂಡು. ನೀರಿಗೆ ಸ್ಮಶಾನದ ನಲ್ಲಿ, ಊಟಕ್ಕೆ ನನ್ನ ಆಲೂಗಡ್ಡೆ ಕಡುಬು. ನನಗೂ ವ್ಯಾಪಾರವಾಯಿತು, ಇಲ್ಲ ಅನ್ನುವುದಿಲ್ಲ.

ಪ್ರತಿ ಭಾನುವಾರ ಅವಳ ಜೊತೆಗೆ ತುಳಿಯುತ್ತಿದ್ದವನು ಇದೇ ಲೂಸಿಯೆನ್. ಕುರಿ ಸಾಕುವವನು, ಗಿರಣಿ ದಾರಿಯ ಎರಡೂ ಕಡೆ ಅವನದೇ ಹುಲ್ಲುಗಾವಲು. ಸುತ್ತು ಮುಗಿಸಿ ಕಿಟಕಿಯ ಪಕ್ಕ ಕೂತು ಒಂದೇ ಕಡುಬನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರು.

ನಮ್ಮ ಕಡೆ ಹಳ್ಳಿ ದಾರಿ ಊರಿನ ಸೊತ್ತು. ಜನ ಓಡಾಡುವವರೆಗೂ ಅದನ್ನು ಯಾರೂ ಮಾರುವಂತಿಲ್ಲ. ಓಡಾಟ ನಿಂತಿತೋ, ಪಂಚಾಯಿತಿ ಅದನ್ನು ಪಕ್ಕದ ಹೊಲದವನಿಗೆ ಮಾರಬಹುದು. "ಕಾಲು ಬಿದ್ರೆ ದಾರಿ, ಬೀಳದಿದ್ರೆ ಹೊಲ" ಅಂತ ಸೊಲಾಂಜ್ ದಿನಕ್ಕೆ ಹತ್ತು ಸಲ ಹೇಳುವಳು. ಅದಕ್ಕೇ ಹಿಮ ಬಿದ್ದಾಗಲೂ ಯಾವ ದಾರಿಯನ್ನೂ ತುಳಿಯದೆ ಬಿಡುತ್ತಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದವಳು ಮೋಸ ಹೋದದ್ದೇ ಹೊಟ್ಟೆ ಉರಿಸುವುದು.

ಒಂದು ಭಾನುವಾರ ಲೂಸಿಯೆನ್ ಕಡುಬಿನ ತುಂಡನ್ನು ತಟ್ಟೆಯಲ್ಲೇ ಆಡಿಸುತ್ತ ಕೂತಿದ್ದ.

"ಸೊಲಾಂಜ್, ಗಬ್ಬದ ಕುರಿಗಳು ಸೈಕಲ್ ಕಂಡ್ರೆ ಬೆದರ್ತಾವೆ ಕಣೇ. ಹೋದ ವಾರ ಒಂದು ದಿನ ತುಂಬದೇನೇ ಕಂದು ಹಾಕ್ತು. ಮರಿ ಹಾಕೋವರೆಗೂ ನಿನ್ನ ಜನಾನ ಗಿರಣಿ ದಾರಿ ಬಿಟ್ಟು ಕಳಿಸ್ತೀಯಾ?"

"ಡಾಂಬರು ರಸ್ತೆಗಾ?"

"ಒಂದು ತುಂಡು ಅಷ್ಟೇ. ಈ ಚಳಿಗಾಲ ಒಂದು ದಾಟ್ಲಿ."

"ಆಯ್ತು ಬಿಡೋ" ಅಂದಳು. ಅವನು ಹೊರಟ ಮೇಲೆ ನಾನು ರೇಗಿದೆ.

"ತಲೆ ಕೆಟ್ಟಿದೆಯೇನೇ ನಿನಗೆ? ಕೊನೇಪಕ್ಷ ಬರೆಸ್ಕೊಳ್ಳೇ!"

"ಅರ್ಮಾಂನ ಎತ್ಕೊಂಡು ಬಂದ ಕೈ ಅದು. ಆ ಕೈಗೆ ಕಾಗದ ಕೇಳ್ಲಾ?" ಅಂದಳು.

ಮಾರನೆಯ ದಿನವೇ ಹೋಗಿ ತನ್ನ ಹಳದಿ ಬಾಣಗಳನ್ನು ಕಿತ್ತು, ಡಾಂಬರು ರಸ್ತೆಯ ಕಡೆ ತಿರುಗಿಸಿ ಹೊಡೆದು ಬಂದಳು. ತಾನೂ ಆ ಕಡೆ ಕಾಲಿಡಲಿಲ್ಲ. "ನಾನೇ ಹೋದ್ರೆ ಉಳಿದೋರಿಗೆ ಹೇಗೆ ಬೇಡ ಅನ್ಲಿ?" ಅನ್ನುವಳು. ಚಳಿಗಾಲ ಮುಗಿಯಿತು. ಆಮೇಲೆ ಹೊಸ ಕಾವಲು ನಾಯಿಗಳು ಕಚ್ಚುತ್ತವೆ, ಸ್ವಲ್ಪ ಪಳಗಲಿ ಅಂದ ಲೂಸಿಯೆನ್. ಆಮೇಲೆ ಮತ್ತೆ ಕುರಿಗಳು ಗಬ್ಬವಾದವು. ಪ್ರತಿ ಸಲವೂ ಅವಳು "ಆಯ್ತು ಬಿಡೋ" ಅಂದಳು. ಭಾನುವಾರದ ಕಡುಬು ಮಾತ್ರ ತಪ್ಪಲಿಲ್ಲ. ನೆನೆಸಿಕೊಂಡರೆ ಆ ಕಿಟಕಿ ಪಕ್ಕದ ಮೇಜನ್ನೇ ಸುಟ್ಟುಹಾಕೋಣ ಅನ್ನಿಸುತ್ತದೆ.

ಎರಡನೆಯ ಚಳಿಗಾಲ ಕಳೆದು, ಈಸ್ಟರ್ ಆದಮೇಲಿನ ಭಾನುವಾರ ದಾರಿ ತೆರೆಯುವುದು ಅಂತ ಮಾತಾಗಿತ್ತು. ಸೊಲಾಂಜ್ ದೊಡ್ಡ ಗುಂಪನ್ನೇ ಕರೆದಿದ್ದಳು. ಬೆಲ್ಜಿಯಂನ ಒಂದು ಸಂಸಾರ ಸೈಕಲ್ಲಿನ ಹಿಂದೆ ಪುಟ್ಟ ಗಾಡಿ ಕಟ್ಟಿ ಕೂಸನ್ನು ಕೂರಿಸಿಕೊಂಡು ಬಂದಿತ್ತು. ನಾನೂ ಅಂಗಡಿಗೆ ಬೀಗ ಹಾಕಿ ಸೈಕಲ್ ಹತ್ತಿ ಹೋಗಿದ್ದೆ. ಗಿರಣಿ ದಾರಿಯ ಬಾಯಲ್ಲಿ ಹೊಸ ಕಬ್ಬಿಣದ ಗೇಟು, ಅದಕ್ಕೆ ಬೀಗ. ಆಚೆ ಲೂಸಿಯೆನ್.

"ತೆಗೆಯೋ, ಜನ ಕಾಯ್ತಿದಾರೆ," ಅಂದಳು ಸೊಲಾಂಜ್, ನಗುತ್ತಲೇ.

"ಇದು ಈಗ ನನ್ನದು ಸೊಲಾಂಜ್. ಪಂಚಾಯಿತಿ ಮಾರ್ತು, ನಾನು ಕೊಂಡೆ. ಕದ್ದಿಲ್ಲ."

"ಯಾವಾಗ?"

"ಹೋದ ಶರತ್ಕಾಲ. ಯಾರೂ ತಕರಾರು ಮಾಡ್ಲಿಲ್ಲ. ದಾರೀಲಿ ಯಾರೂ ಓಡಾಡ್ತಿರ್ಲಿಲ್ಲವಲ್ಲ."

"ನೀನು ಬೇಡ ಅಂದಿದ್ದಕ್ಕಲ್ವೇನೋ ಓಡಾಡ್ದೇ ಇದ್ದಿದ್ದು!"

"ಕೇಳ್ದೆ. ನೀನು ಒಪ್ಪಿದೆ," ಅಂದ, ನೆಲ ನೋಡುತ್ತ.

ಥೂ! ನಂಬಿಸಿ ಕತ್ತು ಕೊಯ್ದವನು ಕತ್ತು ಕೊಟ್ಟವಳ ಮೇಲೇ ತಪ್ಪು ಹೊರಿಸಿದ. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಸೊಲಾಂಜ್ ಮಾತ್ರ, ಆ ದೊಡ್ಡ ದನಿಯವಳು, ಸೈಕಲ್ಲನ್ನು ಡಾಂಬರು ರಸ್ತೆಯ ಕಡೆ ತಿರುಗಿಸಿದಳು.

ಮೇಯರನ ಬಾಯಿಂದ ಮಿಕ್ಕದ್ದು ತಿಳಿಯಿತು. ಮಾರುವ ಮುಂಚೆ, ತಕರಾರಿದ್ದವರು ಬಂದು ಹೇಳಿ ಅನ್ನುವ ವಿಚಾರಣೆಯ ಪ್ರಕಟಣೆಯನ್ನು ಪಂಚಾಯಿತಿ ಬಾಗಿಲಿಗೂ ದಾರಿಯ ಎರಡು ತುದಿಗೂ ಅಂಟಿಸಬೇಕು, ಅಂಟಿಸಿದ್ದರಂತೆ. ಆ ಬಾಗಿಲಲ್ಲಿ ಬೇಟೆಯ ತಾರೀಖು ಬಿಟ್ಟು ಬೇರೇನನ್ನೂ ಯಾರೂ ಓದುವುದಿಲ್ಲ. ದಾರಿಯ ತುದಿಗೆ ಹೋಗಿ ಓದಬೇಕಾದವಳು ಸೊಲಾಂಜ್, ಆಕೆ ಕೊಟ್ಟ ಮಾತಿಗೆ ಕಟ್ಟುಬಿದ್ದು ದೂರ ಉಳಿದಿದ್ದಳು. ಇನ್ನು ನ್ಯಾಯ ಕೇಳುವ ಗಡುವೂ ದಾಟಿತ್ತು.

"ವಿಚಾರಣೆ ಮಾಡೋಕೆ ಬಂದ ಅಧಿಕಾರಿಗಳಿಗೆ, ಓಡಾಟ ನಿಜವಾಗ್ಲೂ ನಿಂತಿದೆಯಾ ಅಂತ ಅನುಮಾನ ಇತ್ತು ಸೊಲಾಂಜ್ ಅವ್ರೇ," ಅಂದ ಮೇಯರು. "ಆಗ ಲೂಸಿಯೆನ್ನೇ ಅವರನ್ನ ಕರ್ಕೊಂಡು ಹೋಗಿ ನಿಮ್ಮ ಬಾಣಗಳನ್ನ ತೋರಿಸ್ದ. ಸೈಕಲ್ಲಿನೋರೇ ಈ ದಾರಿ ಬಿಟ್ಟಿದಾರೆ ನೋಡಿ ಅಂದ."

ಗೇಟು ಕಂಡ ಆ ಭಾನುವಾರ ಗುಂಪು ಡಾಂಬರು ರಸ್ತೆಯಲ್ಲೇ ಹೋಗಬೇಕಾಯಿತು. ಸೊಲಾಂಜ್ ಕೂಸಿನ ಗಾಡಿಯ ಹೊರಮಗ್ಗುಲಿಗೆ, ಲಾರಿ ಬರುವ ಬದಿಯಲ್ಲೇ, ತುಳಿದುಕೊಂಡು ಹೋದಳು. ಒಂದೊಂದು ಲಾರಿ ಸದ್ದಿಗೂ ಅವಳು ಗಾಡಿಗೆ ಇನ್ನೂ ಒತ್ತಿಕೊಂಡು ತುಳಿಯುವುದು ಹಿಂದೆ ಬರುತ್ತಿದ್ದ ನನಗೆ ಕಾಣುತ್ತಿತ್ತು.

ಮುಂದಿನ ವಾರ ಆ ಪುಣ್ಯಾತ್ಮ ಕೆಫೆಗೆ ಬಂದು, ಅವಳ ಮುಂದೆ ಒಂದು ಬೀಗದ ಕೈ ಇಟ್ಟ.

"ನಿನಗೆ ನಾನು ಯಾವತ್ತೂ ಬೇಡ ಅನ್ನಲ್ಲ ಕಣೇ. ನೀನು ಯಾವಾಗ ಬೇಕಾದ್ರೂ ಹೋಗು."

"ನನಗೊಬ್ಬಳಿಗೇ ತೆರೆಯೋದು ದಾರಿ ಅಲ್ಲ ಲೂಸಿಯೆನ್. ನಿನ್ನ ಹಿತ್ತಲು," ಅಂದು ಬೀಗದ ಕೈಯನ್ನು ಹಿಂದಕ್ಕೆ ತಳ್ಳಿದಳು. "ಅವತ್ತು ಅರ್ಮಾಂನ ನೀನು ಎತ್ಕೊಂಡು ಬರದೇ ಇದ್ದಿದ್ರೆ ಚೆನ್ನಾಗಿತ್ತು. ನಿನ್ನ ದ್ವೇಷ ಮಾಡೋದು ನನಗೆ ಸಲೀಸಾಗ್ತಿತ್ತು."

ಅವನು ಎದ್ದು ಹೋದ. ಮತ್ತೆ ಬಂದಿಲ್ಲ, ಬಂದರೆ ನಾನು ಒಳಗೆ ಬಿಡುವುದೂ ಇಲ್ಲ.

ಸೊಲಾಂಜ್ ತುಳಿಯುವುದನ್ನು ಬಿಟ್ಟಿಲ್ಲ. ಉಳಿದ ದಾರಿಗಳಲ್ಲಿ ಮಳೆ, ಹಿಮ ನೋಡದೆ ಈಗಲೂ ಹೋಗುತ್ತಾಳೆ. ಕಳೆದ ಮಾರ್ಚಿನಲ್ಲಿ, ಚೆಸ್ಟ್‌ನಟ್ ಕಾಡಿನ ಅಂಚಿನ ಜಿನೆತ್, ಒಂದು ಇರುವೆಯನ್ನೂ ನೋಯಿಸದ ಮುದುಕಿ, ರೈಲು ದಾರಿಯ ಪಕ್ಕದ ತನ್ನ ಗೇಟಿನ ಬಳಿ ಕೈ ಅಡ್ಡ ಹಿಡಿದು ನಿಂತಿದ್ದಳು.

"ನನ್ನ ಕುದುರೆ ಇವತ್ತೋ ನಾಳೆಯೋ ಮರಿ ಹಾಕುತ್ತೆ ಕಣಮ್ಮಾ. ಎರಡು ದಿನ ಆ ಕಡೆಯಿಂದ ಹೋಗ್ತೀಯಾ? ಆಮೇಲೆ ನಾನೇ ಕರೀತೀನಿ."

ಜಿನೆತ್ ಸುಳ್ಳು ಹೇಳುವವಳಲ್ಲ ಅಂತ ಸೊಲಾಂಜ್‌ಗೆ ಗೊತ್ತು. ಕುದುರೆ ಬೇಲಿಯ ಪಕ್ಕದಲ್ಲೇ, ಬೆವೆತು, ನೆಲ ಕೆರೆಯುತ್ತ ನಿಂತಿತ್ತು.

"ಇಲ್ಲ," ಅಂದಳು ಸೊಲಾಂಜ್. ಮುದುಕಿಯ ಕೈಯನ್ನು ಮೆಲ್ಲಗೆ ಸರಿಸಿ, ಜಲ್ಲಿಯ ಮೇಲೆ ಸದ್ದು ಮಾಡುತ್ತ ಕುದುರೆಯ ಪಕ್ಕದಲ್ಲೇ ತುಳಿದುಕೊಂಡು ಹೋದಳು.