ದೊಡ್ಡಿಯ ಗೋಡೆಯ ಕಲ್ಲುಗಳು

ಬಕ್ರೀದಿಗೆ ಮುಂಚಿನ ವಾರ ದುಬೈಯ ಮಿರ್ದಿಫ್‌ನ ಸಿಗ್ನಲ್‌ನಲ್ಲಿ ನಮ್ಮ ಕಾರಿನ ಪಕ್ಕ ಕುರಿ ತುಂಬಿದ ಪಿಕಪ್ ಬಂದು ನಿಂತಿತು. ಎ.ಸಿ. ಗಾಳಿಯ ಜೊತೆಗೆ ಉಣ್ಣೆಯ ವಾಸನೆ ಒಳಗೆ ನುಗ್ಗಿತು. "ಅದನ್ನೊಮ್ಮೆ ಬಂದ್ ಮಾಡಿ ಮಾರಾಯ್ರೆ" ಎಂದಳು ಹೆಂಡತಿ. ಹಿಂದಿನ ಸೀಟಿನಿಂದ ಮಗಳು "ಯಕ್, ಡ್ಯಾಡ್!" ಎಂದಳು. ನನಗೆ ಲಡಾಖಿನ ಆ ಹೆಂಗಸಿನ ನೆನಪಾಯಿತು...

ಊರಿನವರೆಲ್ಲ ಅವರನ್ನು ಅಮಾ-ಲೇ ಎಂದು ಕರೆಯುತ್ತಿದ್ದರು. ನಮ್ಮಲ್ಲಿ ‘ಲೇ’ ಎಂದರೆ ಜಗಳಕ್ಕೆ ಕರೆದ ಹಾಗೆ. ಅಲ್ಲಿ ಅದು ಮರ್ಯಾದೆ.

ನಾನು ಅಲ್ಲಿಗೆ ಹೋದದ್ದು ಎಂಟು ವರ್ಷಗಳ ಹಿಂದೆ, ಹಿಮಚಿರತೆ ನೋಡಲು. ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಲ್ಲಿ ಕುಳಿತು ಕುಳಿತು ಬೇಸತ್ತವನಿಗೆ ಯಾರೋ ಆ ಪ್ರವಾಸದ ವಿಷಯ ಹೇಳಿದ್ದರು. ಚಿರತೆ ನೋಡಲು ಬಂದವರು ಹಳ್ಳಿಯ ಮನೆಗಳಲ್ಲೇ ಉಳಿಯಬೇಕು, ಯಾವ ಮನೆಗೆ ಯಾವ ಅತಿಥಿ ಎಂಬುದು ಸರದಿಯ ಪ್ರಕಾರ. ಹಿಂದೆ ಕುರಿ ತಿಂದ ಚಿರತೆಯನ್ನು ಕಲ್ಲು ಹೊಡೆದು ಕೊಲ್ಲುತ್ತಿದ್ದವರು ಈಗ ಅದರಿಂದಲೇ ಮನೆ ನಡೆಸುತ್ತಿದ್ದರು. ಸರದಿಯಲ್ಲಿ ನನಗೆ ಬಂದದ್ದು ಅಮಾ-ಲೇ ಮನೆ. ಅಲ್ಲಿ ಅವರು, ಅವರ ಮಗಳು, ಮತ್ತು ಮನೆಅಳಿಯ.

ಮನೆಅಳಿಯ ಒಳ್ಳೆಯ ಹುಡುಗ, ಮಾತು ಕಡಿಮೆ. ಮನೆಅಳಿಯನ ಮಾತಿಗೆ ತೂಕ ಎಷ್ಟು ಎಂದು ಉಡುಪಿ ಕಡೆಯ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಿನಾ ಸಂಜೆ ಕುರಿಗಳನ್ನು ದೊಡ್ಡಿಗೆ ಸೇರಿಸಿ, ಮೇಲೆ ಹಾಸಿದ ತಂತಿ ಬಲೆಯ ಅಂಚಿಗೆ ಸಾಲಾಗಿ ಕಲ್ಲು ಹೇರುವುದು ಅವನ ಕೆಲಸ. ಬಲೆ ಸಡಿಲವಾದರೆ ಚಿರತೆ ಒಳಗೆ ಇಳಿಯುತ್ತದೆ.

ಆ ಊರಿನಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಿದ್ದದ್ದೂ ದೊಡ್ಡಿಯ ಗೋಡೆಯ ಮೇಲೆ ಮಾತ್ರ. ನಾಲ್ಕನೆಯ ದಿನ ಸಂಜೆ, ಅಳಿಯ ಕಲ್ಲು ಹೇರಿ ಹೋದ ಮೇಲೆ, ನನ್ನ ಸಿಮ್ ಅಲ್ಲಿ ನಡೆಯದ್ದರಿಂದ ಅವನದೇ ಫೋನ್ ಕೇಳಿ ತೆಗೆದುಕೊಂಡು ನಾನು ಮೇಲೆ ಹತ್ತಿದೆ. ದುಬೈಯಲ್ಲಿದ್ದ ನನ್ನ ಮಗಳಿಗಾಗ ನಾಲ್ಕು ವರ್ಷ. ವೀಡಿಯೊ ಕಾಲ್‌ನಲ್ಲಿ ಅವಳಿಗೆ ಬೆಟ್ಟ ತೋರಿಸಬೇಕಿತ್ತು. ಫೋನು ನಿಲ್ಲಿಸಲು ಬಲೆಯ ಅಂಚಿನಿಂದ ನಾಲ್ಕೈದು ಕಲ್ಲು ಎತ್ತಿ ಒಂದರ ಮೇಲೊಂದು ಇಟ್ಟೆ. "ವೇರ್ ಈಸ್ ದ ಲೆಪರ್ಡ್?" ಎಂದು ಅವಳು ಕೇಳುವಷ್ಟರಲ್ಲಿ ಲೈನ್ ಹೋಯಿತು. ಬೆರಳು ಮರಗಟ್ಟಿದ್ದವು. ಕೆಳಗಿನಿಂದ ಅಮಾ-ಲೇ ಚಹಾಕ್ಕೆ ಕೂಗಿದರು. ಇಳಿದು ಓಡಿದೆ.

ಬೆಳಿಗ್ಗೆ ಗಲಾಟೆಗೆ ಎದ್ದು ಹೋದರೆ ದೊಡ್ಡಿಯಲ್ಲಿ ಒಂಬತ್ತು ಕುರಿಗಳು ಸತ್ತು ಬಿದ್ದಿದ್ದವು. ಮೂಲೆಯಲ್ಲಿ ಚಿರತೆ. ಹೊಟ್ಟೆ ಬಿರಿಯುವಷ್ಟು ತಿಂದು, ಮೇಲೆ ಹಾರಲಾಗದೆ ಅಲ್ಲೇ ಕುಳಿತಿತ್ತು. ಅದನ್ನು ನೋಡಲೆಂದೇ ಅಷ್ಟು ದೂರ ಹೋದ ನಾನು ನೋಡುತ್ತಿದ್ದದ್ದು ಮಾತ್ರ ಗೋಡೆಯ ಮೇಲಿನ ಆ ಜಾಗವನ್ನು. ನಾನು ಪೇರಿಸಿದ ಕಲ್ಲುಗಳು ಚೆಲ್ಲಾಪಿಲ್ಲಿಯಾಗಿದ್ದವು, ಬಲೆ ಒಳಗೆ ಜೋತುಬಿದ್ದಿತ್ತು.

ಪಕ್ಕದ ಮನೆಯವರು ದೊಣ್ಣೆ ಹಿಡಿದು ಬಂದರು. ಅಮಾ-ಲೇ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತು ಏನೋ ಹೇಳಿದರು. ನಮ್ಮ ಗೈಡ್ ಅದನ್ನು ಹಿಂದಿಯಲ್ಲಿ ಹೇಳಿದ: "ದಾರಿ ಬಿಟ್ಟುಕೊಟ್ಟದ್ದು ನಾವು. ಹೊಡೆಯುವುದು ಅದನ್ನಾ?" ಎಲ್ಲರನ್ನೂ ದೂರ ಸರಿಸಿ ಅವರೇ ಬಾಗಿಲು ತೆಗೆದರು. ಚಿರತೆ ಸಾವಕಾಶವಾಗಿ ನಡೆದು ಹೋಯಿತು.

ಆಮೇಲೆ ಅವರು ಅಳಿಯನ ಕಡೆ ತಿರುಗಿದರು. ಆ ಮಾತುಗಳನ್ನು ಗೈಡ್ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಳಿಯ ತಲೆ ತಗ್ಗಿಸಿ ನಿಂತಿದ್ದ. ನಾನು ಬಾಯಿ ತೆರೆಯಬೇಕಿತ್ತು. ಮಧ್ಯಾಹ್ನ ಹೇಳೋಣ, ಸಂಜೆ ಹೇಳೋಣ ಎನ್ನುತ್ತಲೇ ಎರಡು ದಿನ ಕಳೆದು ಜೀಪು ಹತ್ತಿದೆ. ಅಮಾ-ಲೇ ನನ್ನ ಕೊರಳಿಗೆ ಬಿಳಿಯ ಶಾಲು ಹಾಕಿ, ಮತ್ತೆ ಬಾ ಎಂದರು.

ಹೇಡಿತನ, ಬೇರೇನೂ ಅಲ್ಲ. ಅದಕ್ಕೆ ಚಂದದ ಹೆಸರು ಹುಡುಕಲು ನನಗೆ ಎಂಟು ವರ್ಷ ಸಮಯವಿತ್ತು, ಸಿಗಲಿಲ್ಲ. ಒಮ್ಮೆ ಹೋಗಿ ಎದುರು ಕುಳಿತು ಹೇಳಬೇಕು ಎಂದುಕೊಳ್ಳುತ್ತಿದ್ದೆ. ಈ ವರ್ಷ ರಜೆಯಿಲ್ಲ, ಮುಂದಿನ ವರ್ಷ ವೀಸಾ ರಿನ್ಯೂವಲ್... ಗಲ್ಫಿನಲ್ಲಿ ನೆಪಕ್ಕೆ ಬರಗಾಲವಿಲ್ಲ.

ಕುರಿಯ ಪಿಕಪ್ ನೋಡಿದ ಮರುದಿನ ಮಧ್ಯಾಹ್ನ, ಆಫೀಸಿನ ಕೆಳಗೆ ಕೆರೆಯ ಪಕ್ಕದ ಬೆಂಚಿನಲ್ಲಿ ಕುಳಿತು ಅಂದಿನಿಂದ ಉಳಿಸಿಕೊಂಡಿದ್ದ ಅಳಿಯನ ನಂಬರಿಗೆ ಫೋನ್ ಮಾಡಿದೆ. ಅವನಿಗೆ ನನ್ನ ಗುರುತು ಸಿಕ್ಕಿತು, ಸಂತೋಷಪಟ್ಟ. ಈ ಚಳಿಗಾಲಕ್ಕೆ ಬರುತ್ತೇನೆ, ಅಮಾ-ಲೇಗೆ ಹೇಳು ಎಂದೆ.

"ಅಮಾ-ಲೇ ಹೋದ ವರ್ಷವೇ ತೀರಿಕೊಂಡರು, ಭಾಯ್‌ಸಾಬ್" ಎಂದ.

ಕೊನೆಯವರೆಗೂ ಗಟ್ಟಿಯಾಗಿಯೇ ಇದ್ದರಂತೆ. ಮೊಣಕಾಲು ನೋವಿದ್ದರೂ ದಿನಾ ಸಂಜೆ ಗೋಡೆ ಹತ್ತಿ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರಂತೆ. "ಆ ಕೆಲಸ ನನ್ನ ಕೈಗೆ ಮತ್ತೆ ಕೊಡಲೇ ಇಲ್ಲ. ತಪ್ಪು ನನ್ನದೇ, ಅವತ್ತು ಮರೆತಿದ್ದೆ" ಎಂದು ನಕ್ಕ.

ಅವನು ಅದನ್ನು ನಂಬಿಬಿಟ್ಟಿದ್ದ.

"ನೀನು ಮರೆತಿರಲಿಲ್ಲ. ಕಲ್ಲು ತೆಗೆದದ್ದು ನಾನು" ಎಂದೆ. ಫೋನಿನ ವಿಷಯ, ಮಗಳ ವಿಷಯ, ಎಲ್ಲ ಹೇಳಿದೆ.

ಆಮೇಲೆ ಅವನು, ಸಿಟ್ಟೇನೂ ಇಲ್ಲದ ದನಿಯಲ್ಲಿ, "ಇದನ್ನು ಅಮಾ-ಲೇಗೆ ಹೇಳಬೇಕಿತ್ತು" ಎಂದ.