ಟ್ರ್ಯಾಕ್ಟರ್ ಹಾಡಿನ ಎರಡನೆಯ ನುಡಿ

ಜಮಖಂಡಿಯಲ್ಲಿ ನಮ್ಮ ಮನೆಯ ಎದುರಿಗೇ ಒಂದು ರಸ್ತೆ ಉಬ್ಬು ಇದೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಹಿಪ್ಪರಗಿ ಕಡೆಯ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಬಂದು ಅಲ್ಲಿ ನಿಧಾನವಾಗುತ್ತವೆ. ಎಂಜಿನ್ನಿನ ಸದ್ದು ತಗ್ಗಿದ ಕೂಡಲೇ ಹಾಡಿನ ಸದ್ದು ಏರುತ್ತದೆ. ನಮ್ಮ ಕಪಾಟಿನ ಗಾಜು ಅದುರಲು ಶುರುಮಾಡುತ್ತದೆ. ನಾನು ಮನೆಯಲ್ಲೇ ಹಿಂದುಸ್ತಾನಿ ಗಾಯನ ಕಲಿಸುವವಳು. ಹೀಗಾಗಿ ವರ್ಷದಲ್ಲಿ ನಾಲ್ಕು ತಿಂಗಳು ಬೀದಿಯ ಕಡೆಯ ಕಿಟಕಿಗಳನ್ನು ಮುಚ್ಚಿಯೇ ಪಾಠ ಮಾಡುತ್ತಿದ್ದೆ.

ಆ ಹಾಡುಗಳೆಂದರೆ ನನಗೆ ಸಿಟ್ಟು. ಅದೇ ಕೀಬೋರ್ಡು, ಅದೇ ಡೋಲಿನ ಬಡಿತ, ಅರ್ಧ ಪ್ರೀತಿ, ಅರ್ಧ ಪೋಲಿತನ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡುತ್ತಿದ್ದೆ: ಟ್ರ್ಯಾಕ್ಟರ್ ಹಾಡು ಈ ಹೊಸ್ತಿಲು ದಾಟಬಾರದು.

ಹೋದ ಹಂಗಾಮಿನಲ್ಲಿ ಅದು ದಾಟಿತು. ಬನಹಟ್ಟಿಯಿಂದ ಪ್ರತಿ ಭಾನುವಾರ ಬಸ್ಸಿಗೆ ಬರುವ ಹುಡುಗಿಯೊಬ್ಬಳಿದ್ದಾಳೆ. ಪಿಯುಸಿ ಓದುತ್ತಾಳೆ. ತಾಯಿ ಪವರ್‌ಲೂಮಿನಲ್ಲಿ ಸೀರೆ ನೇಯುತ್ತಾಳೆ. ಒಳ್ಳೆಯ ಕಂಠ, ಮಾತು ಕಡಿಮೆ. ಆ ದಿನ ನಾನು ತಂಬೂರಿ ಶ್ರುತಿ ಮಾಡುತ್ತಿದ್ದಾಗ ಅವಳು ತನಗೇ ಗೊತ್ತಿಲ್ಲದಂತೆ ಗುನುಗಿದಳು:

"ಮುಂಜಾನಿಂದ ಆರು ಸಲ ಹಚ್ಚೀನಿ, ಒಮ್ಮೆರ ಎತ್ತಬಾರದೇನ…"

ಫೋನಿನ ಹಾಡು. ಹಿಂದಿನ ದಿನವಷ್ಟೇ ನನ್ನ ಕಪಾಟನ್ನು ಅದುರಿಸಿಹೋಗಿದ್ದ ಹಾಡು.

"ಏನದು?" ಅಂದೆ.

ಅವಳು ಬಾಯಿ ಮುಚ್ಚಿಕೊಂಡಳು. "ತಪ್ಪಾತ್ರೀ ಮೇಡಂ."

"ಇಂಥ ಹೊಲಸ ಹಾಡು ಹಾಡೂ ಬಾಯಾಗ ಭೂಪ್ ರಾಗ ಹೆಂಗ ಕುಂದರತೈತಿ? ಮನಿಗೆ ಹೋಗಿ ಬಾಯಿ ತೊಳಕೊಂಡ್ ಬಾ."

ಉಳಿದ ಮಕ್ಕಳು ನಕ್ಕರು. ಅವಳು ನಗಲಿಲ್ಲ. ಬರುವುದನ್ನೇನೂ ಬಿಡಲಿಲ್ಲ. ಆದರೆ ಅಂದಿನಿಂದ ನಾನು ಹಾಡು ಅಂದಾಗಷ್ಟೇ ಹಾಡುತ್ತಿದ್ದಳು, ಅದೂ ಅಳತೆ ಮಾಡಿ ಕೊಟ್ಟಂತೆ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದ ನನ್ನ ಗಂಡ, "ಯಾರಿಗೆ ಆರು ಸಲ ಹಚ್ಚೀದಿ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಆಗಿಂದ ಅದನ್ನ ಹಾಡಾಕತ್ತೀಯಲ್ಲ. ರೊಟ್ಟಿನೂ ಅದರ ತಾಳಕ್ಕನ ಬಡ್ಯಾಕತ್ತೀದಿ."

"ಇಲ್ಲ, ನಾ ಎಲ್ಲೆ ಹಾಡೀನಿ?" ಎಂದು ಸುಳ್ಳು ಹೇಳಿದೆ. ಕಿವಿ ಬಿಸಿಯಾಗಿದ್ದು ಒಲೆಯ ಕಾವಿಗಲ್ಲ.

ಹಾಡು ತಲೆಗೆ ಅಂಟಿದ್ದಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಅದರಲ್ಲೊಂದು ಜಾಗ ನನ್ನನ್ನು ಬಿಡಲಿಲ್ಲ. "ಎತ್ತಬಾರದೇನ" ಎನ್ನುವಾಗ 'ದೇ' ಅಕ್ಷರದ ಮೇಲೆ ಹಾಡುವವಳ ದನಿ ಕೋಮಲ ಗಾಂಧಾರಕ್ಕೆ ಇಳಿದು, ಅಲ್ಲಿ ನಿಲ್ಲದೆ, ಏನೋ ಕೇಳಲು ಹೋಗಿ ಬೇಡವೆಂದು ಹಿಂದೆ ಸರಿದಂತೆ ಜಾರುತ್ತಿತ್ತು. ಇಷ್ಟು ಗದ್ದಲದ ನಡುವೆ ಇದೆಲ್ಲಿಂದ ಬಂತು? ನನ್ನ ಸ್ವರಪುಸ್ತಕದ ಕೊನೆಯ ಹಾಳೆಯಲ್ಲಿ ಅದನ್ನು ಪೆನ್ಸಿಲಿನಲ್ಲಿ ಬರೆದುಕೊಂಡೆ. ಕೆಳಗೆ ಹಾಡಿನ ಮಾತು ಬರೆಯಲಿಲ್ಲ. ಮಕ್ಕಳು ಪುಸ್ತಕ ತಿರುವಿಹಾಕುತ್ತಾರೆ.

ಎರಡನೆಯ ನುಡಿಯಲ್ಲಿ ಆ ಜಾಗ ಹೇಗೆ ಬರುತ್ತದೆ ಎಂಬುದು ಈಗ ನನ್ನ ಪ್ರಶ್ನೆ. ಅದು ಮಾತ್ರ ನನಗೆ ದಕ್ಕಲಿಲ್ಲ. ಟ್ರ್ಯಾಕ್ಟರು ಉಬ್ಬಿನ ಹತ್ತಿರ ಬರುವಾಗ ಪಲ್ಲವಿ ಇರುತ್ತಿತ್ತು. ನುಡಿ ಶುರುವಾಗುವ ಹೊತ್ತಿಗೆ ಡ್ರೈವರ್ ಗೇರು ಬದಲಿಸಿ ಮುಂದೆ ಹೋಗಿರುತ್ತಿದ್ದ. ಮೊಬೈಲಿನಲ್ಲಿ ಹುಡುಕಿದೆ. ಫೋನು ಎತ್ತದ ಹುಡುಗಿಯರ ಹಾಡುಗಳೇ ನೂರಾರು ಬಂದವು, ನನಗೆ ಬೇಕಾದದ್ದು ಬರಲಿಲ್ಲ. ಹುಡುಕಿದ್ದನ್ನೆಲ್ಲ ಅಳಿಸಿಯೂ ಹಾಕಿದೆ. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಅಂಗಳಕ್ಕೆ ದಿನಕ್ಕೆ ಮೂರು ಸಲ ನೀರು ಹೊಡೆಯುವ ನೆವ ಮಾಡಿಕೊಂಡೆ.

ಒಂದು ಮಧ್ಯಾಹ್ನ ನನ್ನ ಅದೃಷ್ಟ ಖುಲಾಯಿಸಿತು ಅನ್ನಿಸಿತು. ಅದೇ ಹಾಡು ಹಚ್ಚಿಕೊಂಡು ಬಂದ ಟ್ರ್ಯಾಕ್ಟರು ಉಬ್ಬಿನ ಹತ್ತಿರ ನಿಂತಿತು. ಹಿಂದಿನ ಟ್ರೇಲರಿನ ಕಬ್ಬು ಒಂದು ಕಡೆ ವಾಲಿತ್ತು. ಮೂವತ್ತರ ಆಸುಪಾಸಿನ ಡ್ರೈವರ್ ಇಳಿದು ಹಗ್ಗ ಬಿಗಿಯತೊಡಗಿದ. ನಾನು ಬಕೆಟ್ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಹತ್ತಿರ ಹೋದೆ.

"ಏನಪಾ, ಈ ಹಾಡು…" ಎಂದು ಬಾಯಿ ತೆರೆದದ್ದಷ್ಟೇ.

ಅವನು ನಮ್ಮ ಬಾಗಿಲ ಮೇಲಿನ ಸಂಗೀತ ಪಾಠದ ಬೋರ್ಡು ನೋಡಿ, ಹಗ್ಗ ಬಿಟ್ಟು, ಒಂದೇ ನೆಗೆತಕ್ಕೆ ಸೀಟಿಗೆ ಹತ್ತಿ ಹಾಡು ಬಂದ್ ಮಾಡಿದ. "ತಪ್ಪಾತ್ರೀ ಅಕ್ಕಾರ. ಪಾಠ ನಡದಿರತಾವಂತ ಗೊತ್ತಿರಲಿಲ್ರಿ. ಇನ್ನ ಮ್ಯಾಲ ನಿಮ್ಮ ಮನಿ ಮುಂದ ಹಚ್ಚೂದಿಲ್ರಿ."

"ಹಂಗಲ್ಲಪಾ…"

"ಇಲ್ರೀ, ಖರೇನ. ಉಳದವ್ರಿಗೂ ಹೇಳ್ತೇನ್ರಿ."

ಮಾತಿಗೆ ತಪ್ಪದ ಮನುಷ್ಯ ಅವನು. ಮರುದಿನದಿಂದ ಬಹಳಷ್ಟು ಟ್ರ್ಯಾಕ್ಟರುಗಳು ನಮ್ಮ ಮನೆಯ ಮುಂದೆ ಬಾಯಿ ಮುಚ್ಚಿಕೊಂಡು ಸಾಗಿದವು. ಇಷ್ಟು ವರ್ಷ ನಾನು ಬಯಸಿದ್ದ ಶಾಂತಿ ಸಿಕ್ಕಿತ್ತು. ಅದನ್ನು ಕೇಳುತ್ತ ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದೆ.

ಮುಧೋಳದಲ್ಲಿ ನನಗೆ ಹಾಡು ಕಲಿಸಿದ ಮಾಸ್ತರರಿದ್ದಾರೆ. ಎಂಬತ್ತು ದಾಟಿದೆ, ಒಂದು ಕಿವಿ ಮಂದ. ತಿಂಗಳಿಗೊಮ್ಮೆ ಹೋಗಿ ಕಾಣುತ್ತೇನೆ. ನಾವು ಕಲಿಯುವಾಗ ಅವರ ಎದುರು ಸಿನಿಮಾ ಹಾಡಿನ ಮಾತೆತ್ತಲೂ ಹೆದರುತ್ತಿದ್ದೆವು. 'ಹೊಲಸ ಹಾಡು' ಎಂಬ ಮಾತು ನನ್ನ ಬಾಯಿಗೆ ಬಂದದ್ದೇ ಅವರ ಬಾಯಿಂದ. ಆ ಸಲ ಹೋದಾಗ, ಎಲ್ಲೋ ಕೇಳಿದ ಒಂದು ಸ್ವರದ ಜಾಗ ತಿಳಿಯುತ್ತಿಲ್ಲ ಎಂದು ಹೇಳಿ, ಮಾತಿಲ್ಲದೆ ಬರೀ 'ಆ'ಕಾರದಲ್ಲಿ ಹಾಡಿ ತೋರಿಸಿದೆ.

ಅವರು ಒಳ್ಳೆಯ ಕಿವಿಯನ್ನು ನನ್ನ ಕಡೆ ತಿರುಗಿಸಿದರು. "ಇನ್ನೊಮ್ಮೆ."

ಹಾಡಿದೆ.

"ಇದಕ್ಕ ಮಾತ ಅದಾವು. ಹೇಳು."

"ಮಾತ ಛಲೋ ಇಲ್ರಿ ಮಾಸ್ತರ."

"ನಾ ಕೇಳಿದ್ದು ಮಾತ ಏನಂತ. ಛಲೋ ಅದಾವೇನಂತ ಅಲ್ಲ."

ನಲವತ್ತಾರರ ನಾನು ಹದಿನಾರರ ಹುಡುಗಿಯಂತೆ ನೆಲ ನೋಡುತ್ತ, ಆರು ಸಲ ಫೋನು ಹಚ್ಚಿದ ಹಾಡನ್ನು ಹಾಡಿದೆ. ಮುಗಿದ ಮೇಲೆ ಬೈಗುಳಕ್ಕೆ ಸಿದ್ಧಳಾಗಿ ಕುಳಿತೆ.

"ಮುಂದ?" ಅಂದರು.

"ಮುಂದ ಗೊತ್ತಿಲ್ರಿ."

"ಅರ್ಧಾ ಹಾಡು ತಗೊಂಡ ಇಷ್ಟು ದೂರ ಬಂದೀಯೇನ ಮಗಳ?" ಎಂದು ಅವರು ನಕ್ಕರು. ಆಮೇಲೆ ಒಳಗೆ ಸೊಸೆ ಇದ್ದಾಳೋ ಎಂದು ಕತ್ತು ಚಾಚಿ ನೋಡಿ, ದನಿ ತಗ್ಗಿಸಿ, ತಾವು ಇಪ್ಪತ್ತರ ವಯಸ್ಸಿನವರಿದ್ದಾಗಿನ ಸಂಗತಿಯೊಂದನ್ನು ಹೇಳಿದರು. ಬೀಳಗಿಯಲ್ಲಿ ಒಂದು ನಾಟಕ ಕಂಪನಿ ಬೀಡುಬಿಟ್ಟಿತ್ತು. ಇವರು ಮನೆಯಲ್ಲಿ ಸಂಗೀತದ ಸಾಧನೆಗೆ ಹೋಗುತ್ತೇನೆಂದು ಹೇಳಿ, ಆ ಕಂಪನಿಯಲ್ಲಿ ಕಾಲುಪೆಟ್ಟಿಗೆ ಹಾರ್ಮೋನಿಯಂ ಬಾರಿಸಲು ಸೇರಿಕೊಂಡರು. ಕಂಪನಿ ಊರೂರು ತಿರುಗಿದಂತೆ ಇವರೂ ತಿರುಗಿದರು, ಎರಡು ವರ್ಷ. ನಮಗೆಲ್ಲ ಅವರು ಹೇಳಿದ್ದು, ಆ ಎರಡು ವರ್ಷ ಗುರುಗಳ ಮನೆಯಲ್ಲಿ ಕಠಿಣ ಅಭ್ಯಾಸ ಮಾಡಿದೆ ಎಂದು.

"ಹಾಸ್ಯದವ ಒಂದ ಹಾಡ ಹೇಳತಿದ್ದ. ಹೆಂಡತಿಗೆ ಅಂಜಿ ಕಣಜದಾಗ ಅಡಗಿ ಕುಂತಾವನ ಹಾಡು. ಜನಾ ಮೂರ ಮೂರ ಸಲ ಹಾಡಸ್ತಿದ್ರು. ನಾ ದಿನಾ ಅದೊಂದರ ಸಲುವಾಗಿ ಕಾಯತಿದ್ದೆ."

ಮಾಸ್ತರರು ಮಂಚದ ಕಟ್ಟಿಗೆಯ ಮೇಲೆ ಬೆರಳಿನಿಂದ ತಾಳ ಹಾಕಿ ಅದನ್ನು ಪೂರ್ತಿ ಹಾಡಿದರು. ಒಂದು ಅಕ್ಷರ ಮರೆತಿರಲಿಲ್ಲ. ಕಣಜದೊಳಗಿಂದ ಗಂಡ ಸೀನುವ ಜಾಗವನ್ನೂ ಬಿಡಲಿಲ್ಲ. ಅವರನ್ನು ನಾನು ಹಾಗೆ ನೋಡಿಯೇ ಇರಲಿಲ್ಲ. ಅರವತ್ತು ವರ್ಷ ಅದನ್ನು ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಕೇಳಿದೆ.

"ಬಚ್ಚಲದಾಗ," ಅಂದರು. "ನಳ ಜೋರ ಬಿಟಕೊಂಡ್ರ ಯಾರಿಗೂ ಕೇಳೂದಿಲ್ಲ."

ನಾನು ಹೊರಡಲು ಎದ್ದಾಗ ಕೇಳಿದರು: "ನಿನಗ ಈ ಫೋನಿನ ಹಾಡು ಹತ್ತಿಸಿದವ್ರು ಯಾರು?"

ಬನಹಟ್ಟಿಯ ಹುಡುಗಿಯ ಬಗ್ಗೆ ಹೇಳಿದೆ. ಬಾಯಿ ತೊಳೆದುಕೊಂಡು ಬಾ ಎಂದದ್ದನ್ನೂ ಹೇಳಿದೆ. ಅವರ ಮುಖದಲ್ಲಿದ್ದ ನಗು ಮಾಯವಾಯಿತು. "ಅದು ನನ್ನ ಮಾತು," ಎಂದರು. "ನಿಮಗ ನಾ ಹೇಳತಿದ್ದದ್ದು. ಎಷ್ಟ ಮಂದೀಗೆ ಹೇಳೀನೋ." ಬಸ್ಸಿಗೆ ಹೊತ್ತಾಗುತ್ತದೆಂದು ನಾನು ಕಾಲು ಮುಟ್ಟಿ ನಮಸ್ಕರಿಸಿ ಹೊರಬಂದೆ.

ಭಾನುವಾರ ಪಾಠ ಮುಗಿದು ಉಳಿದ ಮಕ್ಕಳು ಹೋದ ಮೇಲೆ ಬನಹಟ್ಟಿಯ ಹುಡುಗಿಯನ್ನು ನಿಲ್ಲಿಸಿಕೊಂಡೆ.

"ಆ ಫೋನಿನ ಹಾಡು ನಿನಗ ಪೂರ್ತಿ ಬರತೈತೇನು?"

"ಇಲ್ರಿ." ಉತ್ತರ ತಕ್ಷಣ ಬಂತು. "ನಾ ಈಗ ಅಂಥವು ಹಾಡೂದಿಲ್ರಿ ಮೇಡಂ."

ಕೇಳಿದ ರೀತಿಯೇ ತಪ್ಪು ಎಂದು ತಿಳಿಯಿತು. ಅವಳ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಬೇರೆ ದಾರಿ ಕಾಣದೆ ನಾನೇ ಹಾಡಲು ಶುರುಮಾಡಿದೆ. ಪಲ್ಲವಿ ಮುಗಿಸಿ, ಮುಂದೆ ಗೊತ್ತಿಲ್ಲದೆ, ಮತ್ತೆ ಪಲ್ಲವಿಗೇ ಬಂದೆ. ಅವಳು ಬೆರಗಾಗಿ ನೋಡುತ್ತಿದ್ದಳು. ಮೂರನೆಯ ಸಲಕ್ಕೆ ತಡೆಯಲಾಗಲಿಲ್ಲ ಅವಳಿಗೆ.

"ಹಂಗಲ್ರೀ ಮೇಡಂ. ಅಲ್ಲಿ ಉಸರು ತಗೋಬಾರದ್ರಿ. ಉಸರು ತಗೊಂಡ್ರ ಆ ಹಾಡಿನಾಕಿ ಅಳೂದು ಗೊತ್ತಾಗೂದಿಲ್ರಿ."

"ಆಕಿ ಅಳತಾಳೇನು?"

"ಮತ್ತ? ಸಿಟ್ಟಿಗೆದ್ದಂಗ ಮಾಡ್ತಾಳ್ರಿ, ಖರೆ ಅಂದ್ರ ಅಳಾಕತ್ತಿರತಾಳ್ರಿ."

"ನಿನಗ ಯಾರ ಹೇಳಿದ್ರು?"

"ನಮ್ಮವ್ವ. ನಾಲ್ಕ ಮಗ್ಗ ಒಮ್ಮೆ ನಡದಾಗ ಮಾತ ಕೇಳೂದಿಲ್ರಿ. ಆಕಿ ಒದರಿ ಹಾಡ್ತಾಳ್ರಿ. ಅಷ್ಟು ಒದರಿದ್ರೂ ಆ ಜಾಗಾದಾಗ ಮಾತ್ರ ಸಣ್ಣ ದನಿ ಮಾಡ್ತಾಳ್ರಿ."

"ಅವತ್ತ ನಾ ನಿನಗ ಹಂಗ ಅನಬಾರದಿತ್ತು," ಎಂದೆ. "ನಂದ ತಪ್ಪಾತು."

ಅವಳು ಚಾಪೆಯ ಅಂಚನ್ನು ಕೆರೆಯುತ್ತ ಕುಳಿತಳು. ಕ್ಷಮಿಸಿದಳೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು ಎರಡನೆಯ ನುಡಿ ಹಾಡಿದಳು.

ಎರಡು ತಿಂಗಳು ನಾನು ಕಾದಿದ್ದ ನುಡಿ ತೀರಾ ಸಾಧಾರಣವಾಗಿತ್ತು. ಫೋನಿನ ಬ್ಯಾಟರಿ, ಹೊಸ ಟ್ರ್ಯಾಕ್ಟರು, ಗಲಗಲಿಯ ಹೊಳೆದಂಡೆಯಲ್ಲಿ ಸಿಗುವ ಮಾತು. ನಡುವೆ ಒಂದು ಸಾಲನ್ನು ಅವಳು ಬರೀ "ನನನ" ಎಂದು ದಾಟಿಸಿದಳು. ಅದೇನೆಂದು ಕೇಳಿದಾಗ, "ಆ ಸಾಲು ಬ್ಯಾಡ್ರೀ ಮೇಡಂ," ಎಂದು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆದರೆ ನುಡಿ ಮುಗಿದು ಪಲ್ಲವಿಗೆ ಮರಳುವಾಗ, ಅವಳು ಉಸಿರು ತೆಗೆದುಕೊಳ್ಳದೆ ಗಾಂಧಾರವನ್ನು ಮುಟ್ಟಿ ಬಿಟ್ಟ ರೀತಿಗೆ ನನ್ನ ನಗು ನಿಂತುಹೋಯಿತು.

"ಇದು ಯಾವ ರಾಗರೀ?" ಎಂದು ಕೇಳಿದಳು.

ಪೀಲೂ ಎಂದು ಹೇಳಿ ಮುಗಿಸಬಹುದಿತ್ತು. ಪೂರ್ತಿ ಪೀಲೂ ಅಲ್ಲ ಅದು. ಗೊತ್ತಿಲ್ಲ ಎಂದೆ. ಇಪ್ಪತ್ತು ವರ್ಷದಲ್ಲಿ ಶಿಷ್ಯರ ಮುಂದೆ ಆ ಮಾತು ಹೇಳಿದ್ದು ಅದೇ ಮೊದಲು. ಬನಹಟ್ಟಿಯ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಅವಳು ಹಾರ್ಮೋನಿಯಂ ಪೆಟ್ಟಿಗೆಯನ್ನು ಮುಂದಕ್ಕೆಳೆದುಕೊಂಡು ಆ ಜಾಗವನ್ನು ಹುಡುಕತೊಡಗಿದಳು. ಬಿಳಿ ಮನೆಗೂ ಕರಿ ಮನೆಗೂ ನಡುವೆ ಎಲ್ಲೋ ಇತ್ತು ಅದು, ಪೆಟ್ಟಿಗೆಯಲ್ಲಿ ಸಿಗಲಿಲ್ಲ. ಕಂಠದಲ್ಲೇ ಹುಡುಕೋಣವೆಂದು ನಾನು ತಂಬೂರಿ ಎತ್ತಿಕೊಂಡೆ.