ಗಾಳಿ ಕುಡಿದ ಸುಣ್ಣ

ಇದನ್ನು ಓದಲು ಕುಳಿತ ಎಲ್ಲರಿಗೂ ನನ್ನ ನಮಸ್ಕಾರ. ನಾನು ಮನೆಗಳಿಗೆ ಸುಣ್ಣ ಬಣ್ಣ ಬಳಿಯುವವನು. ಹತ್ತನೇ ತರಗತಿ ಪರೀಕ್ಷೆ ಕಟ್ಟಿದ್ದು ಮಗಳು ಹುಟ್ಟಿದ ಮೇಲೆ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ಕೊರಟಗೆರೆ ತಾಲ್ಲೂಕು, ತೋವಿನಕೆರೆ ಕಡೆ. ಮಗಳು ಒಂಬತ್ತನೇ ತರಗತಿ. ಮಧುಗಿರಿಯಲ್ಲಿ ನಡೆಯುವ ಶಾಲಾ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅವಳ ಹೆಸರು ಹೋಗಿತ್ತು. ಒಂದು ದಿನ ಬಂದು ಕೇಳಿದಳು.

"ಅಪ್ಪ, ಒಂದು ತಟ್ಟೆ ಅರಳಿದ ಸುಣ್ಣದ ಪುಡಿ ಕೊಡು."

"ಯಾತಕ್ ಮಗ?"

"ಗಾಳೀಲಿರೋ ಇಂಗಾಲದ ಡೈಆಕ್ಸೈಡ್ ಹಿಡೀತೀನಿ."

"ಇಷ್ಟು ವರ್ಷದಿಂದ ಸುಣ್ಣ ಬಳೀತಿದೀನಿ, ನಂಗೆ ಒಂದ್ ದಿನಾನೂ ಸಿಗ್ಲಿಲ್ವಲ್ಲ!"

"ದಿನಾ ಹಿಡಿದಿದೀಯ. ನಿಂಗೆ ಗೊತ್ತಿಲ್ಲ ಅಷ್ಟೆ."

ಬಳಿದ ಗೋಡೆ ದಿನ ಕಳೆದಂತೆ ಗಟ್ಟಿಯಾಗುವುದು ಬಿಸಿಲಿಗೆ ಅಂದುಕೊಂಡಿದ್ದೆ. ಅಲ್ಲವಂತೆ. ಸುಣ್ಣ ಗಾಳಿಯೊಳಗಿನ ಆ ಅನಿಲವನ್ನು ಎಳೆದುಕೊಂಡು ಮತ್ತೆ ಕಲ್ಲಾಗುತ್ತದಂತೆ. ಆವತ್ತು ಕೆಲಸಕ್ಕೆ ಹೋದ ಮನೆಯಲ್ಲಿ ಗೋಡೆಯನ್ನು ಸುಮ್ಮನೆ ಮುಟ್ಟಿ ಮುಟ್ಟಿ ನೋಡಿದೆ.

ಮಗಳು ಒಂದು ತಟ್ಟೆ ಪುಡಿಯನ್ನು ಜಗಲಿಯ ಮೇಲೆ ತೆರೆದಿಟ್ಟಳು. ಅಷ್ಟೇ ಪುಡಿಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿದಳು. ದಿನಾ ಸಂಜೆ ಎರಡನ್ನೂ ತೂಗುವುದು, ಚಾರ್ಟಿನಲ್ಲಿ ಗೆರೆ ಎಳೆಯುವುದು. ತೂಕ ಹೆಚ್ಚಿದರೆ ಅನಿಲ ಸಿಕ್ಕಿದೆ ಅಂತ ಲೆಕ್ಕ. ಡಬ್ಬಿಯದು ಇದ್ದಲ್ಲೇ ಇತ್ತು. ತಟ್ಟೆಯದು ಏರುತ್ತಲೇ ಹೋಯಿತು. ಪುಡಿ ಸ್ವಲ್ಪ ಹಸಿಯಾಗಿತ್ತು. ಕೇಳಿದರೆ, "ಸುಣ್ಣ ಅನಿಲ ಹಿಡಿದಾಗ ನೀರು ಬುಡ್ತದೆ ಅಂತ ಪುಸ್ತಕದಲ್ಲೇ ಐತೆ" ಅಂದಳು. ಕೆಂಪು ಗೆರೆ ಬೆಟ್ಟ ಹತ್ತಿದ ಹಾಗೆ ಹತ್ತಿತ್ತು. ಅವಳ ಕಾಲು ನೆಲದ ಮೇಲಿರಲಿಲ್ಲ.

ಪ್ರದರ್ಶನಕ್ಕೆ ಎರಡು ದಿನ ಇತ್ತು. ಬೆಳಿಗ್ಗೆ ಹಲ್ಲುಜ್ಜುತ್ತಾ ಜಗಲಿಗೆ ಬಂದರೆ, ನಮ್ಮವ್ವ ಚೊಂಬು ಹಿಡಿದು ಆ ತಟ್ಟೆಗೆ ಕೈಯಲ್ಲಿ ನೀರು ಚಿಮುಕಿಸುತ್ತಿದ್ದಾಳೆ!

"ಏನವ್ವ ಮಾಡ್ತಿದೀಯ?"

"ಬಾಯ್ ಬುಟ್ಕಂಡ್ ಕೂತೈತಲ್ಲ ಸುಣ್ಣ. ಗಾಳಿ ಕುಡ್ಕಂಡು ಸತ್ತೋಗ್ತೈತೆ ಕಣ್ಲಾ. ದಿನಾ ನಾನೇ ನೀರು ಹಾಕಿ ಉಳಿಸ್ಕಂಡಿವ್ನಿ. ನೀವು ಯಾರಾರ ನೋಡ್ತೀರಾ?"

ಎಲೆ ಅಡಿಕೆ ಹಾಕುವ ನಮ್ಮವ್ವನ ಸುಣ್ಣದ ಡಬ್ಬಿಯಲ್ಲಿ ಯಾವಾಗಲೂ ಸುಣ್ಣದ ಮೇಲೆ ಒಂದು ಬೆರಳು ನೀರು ನಿಂತಿರುತ್ತದೆ. ಇಲ್ಲದಿದ್ದರೆ ಸುಣ್ಣ ಸಾಯುತ್ತದೆ ಅನ್ನುವುದು ಅವಳ ಮಾತು. ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಹೋಗಿ ಚಾರ್ಟಿನ ಮುಂದೆ ಕುಳಿತಳು. ಏರಿದ್ದು ಅನಿಲದ ತೂಕವೋ ಚೊಂಬಿನ ನೀರಿನ ತೂಕವೋ, ಹೇಳುವವರು ಯಾರು?

ನನಗೆ ಅವಳ ಮುಖ ನೋಡಲಾಗಲಿಲ್ಲ. "ಇರ್ಲಿ ಬುಡು ಮಗ, ಯಾರಿಗ್ ಗೊತ್ತಾಗ್ತದೆ?" ಅಂದುಬಿಟ್ಟೆ.

"ನೀನು ಹತ್ತನೇ ಕ್ಲಾಸು ಕಾಪಿ ಹೊಡ್ದು ಪಾಸಾದ್ಯಾ?"

"ಹೊಡೀಲಿಲ್ಲ. ಅದಕ್ಕೇ ಮೂರು ಸಲ ಕಟ್ಟಿದ್ದು."

ಅವಳಿಗೆ ನಗು ಬಂತು. ನನಗೆ ನಾಚಿಕೆಯಾಯಿತು.

ಸ್ವಲ್ಪ ಹೊತ್ತು ಬಿಟ್ಟು ಅವಳೇ ಎದ್ದು ನಿಂಬೆಹಣ್ಣು ತಂದಳು. ಅನಿಲ ಹಿಡಿದ ಸುಣ್ಣಕ್ಕೆ ಹುಳಿ ಬಿದ್ದರೆ ಆ ಅನಿಲ ನೊರೆಯಾಗಿ ಹೊರಬರಬೇಕು, ಅದಕ್ಕೆ ತೂಕ ಬೇಕಿಲ್ಲ ಅಂದಳು. ಮೂರು ಲೋಟದಲ್ಲಿ ಮೂರು ಚಿಟಿಕೆ: ಮುಚ್ಚಿದ ಡಬ್ಬಿಯದು, ಅಜ್ಜಿಯ ಎಲೆ ಅಡಿಕೆ ಡಬ್ಬಿಯದು, ಜಗಲಿಯ ತಟ್ಟೆಯದು. ಒಂದೊಂದಕ್ಕೂ ಅರ್ಧ ಹಣ್ಣು ಹಿಂಡಿದಳು. ಮೊದಲನೆಯದು ಸುಮ್ಮನಿತ್ತು. ಅಜ್ಜಿಯದೂ ಸುಮ್ಮನಿತ್ತು. ತಟ್ಟೆಯದು ಬುಸ್ ಅಂತ ಉಕ್ಕಿತು.

"ಸಿಕ್ತು ಅಪ್ಪ! ಎಷ್ಟು ಅಂತ ಗೊತ್ತಿಲ್ಲ, ಆದ್ರೆ ಸಿಕ್ಕೈತೆ!"

ನಮ್ಮವ್ವ ಬಗ್ಗಿ ನೋಡಿ, "ನೋಡ್ದಾ, ಸತ್ತೈತೆ. ನಾನ್ ಹೇಳಿದ್ದು ಅದೇ ತಾನೇ ಕಣಮ್ಮ?" ಅಂದಳು.

ಮಧುಗಿರಿಗೆ ನಾನೂ ಹೋಗಿದ್ದೆ. ಮಗಳು ಚಾರ್ಟಿನ ಕೆಂಪು ಗೆರೆಗೆ ಅಡ್ಡ ಗೀಟು ಹಾಕಿ, 'ಅಜ್ಜಿ ನೀರು ಹಾಕಿದ್ದರಿಂದ ಈ ತೂಕ ನಂಬುವಂತಿಲ್ಲ' ಎಂದು ಬರೆದಿದ್ದಳು. ಕೆಲವರು ಓದಿ ನಕ್ಕರು. ಪರೀಕ್ಷಿಸಲು ಬಂದ ಮೇಷ್ಟ್ರು ನಗಲಿಲ್ಲ. ಪೂರ್ತಿ ಒಣಗಿದ ಸುಣ್ಣಕ್ಕಿಂತ ತೇವ ಇರುವ ಸುಣ್ಣ ಬೇಗ ಹಿಡಿಯುತ್ತದೆ, ಮೇಲೆ ನೀರು ನಿಂತರೆ ಮಾತ್ರ ಗಾಳಿ ಒಳಗೆ ಹೋಗುವುದಿಲ್ಲ ಅಂದರು. ಅಂದರೆ ನಮ್ಮವ್ವ ಚಿಮುಕಿಸಿದ ನೀರೇ ಕೆಲಸಕ್ಕೆ ಬಂದಿತ್ತು! ಆಮೇಲೆ ಅವರು, "ಕಲ್ಲು ಸುಟ್ಟು ಈ ಸುಣ್ಣ ಮಾಡುವಾಗ ಇದೇ ಅನಿಲ ಎಷ್ಟು ಹೊರಗೆ ಹೋಯ್ತಮ್ಮ?" ಎಂದು ಕೇಳಿದರು.

"ಗೊತ್ತಿಲ್ಲ ಸಾರ್. ತಿಳ್ಕೋಬೇಕು" ಅಂದಳು. ತಲೆ ತಗ್ಗಿಸಲಿಲ್ಲ.

ಬಹುಮಾನ ಪಾವಗಡದ ಮಕ್ಕಳ ಸೋಲಾರ್ ಒಲೆಗೆ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ, ಶಿರಾದಲ್ಲಿ ನಾನು ಸುಣ್ಣ ಕೊಳ್ಳುವ ಅಂಗಡಿಯವರು ಕಲ್ಲನ್ನು ಎಲ್ಲಿ ಸುಟ್ಟು ತರುತ್ತಾರೆ, ಎಷ್ಟು ಹೊತ್ತು ಸುಡುತ್ತಾರೆ ಎಂದು ಅವಳು ಕೇಳುತ್ತಲೇ ಇದ್ದಳು. ಒಂದಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ. ಬರುವ ಭಾನುವಾರ ಇಬ್ಬರೂ ಹೋಗಿ ಕೇಳುವುದು ಅಂತ ಆಗಿದೆ.

ನಿಮ್ಮ ಮನೆಯ ಹಿರಿಯರು ಹೀಗೆ ಮಕ್ಕಳ ಪ್ರಯೋಗಕ್ಕೆ ಕೈ ಹಾಕಿದ್ದುಂಟೇ? ಕೆಟ್ಟಿದ್ದೋ ಕೂಡಿಬಂದಿದ್ದೋ, ಎರಡು ಸಾಲು ಬರೆದು ತಿಳಿಸಿ. ಮಗಳಿಗೆ ಓದಿ ಹೇಳುತ್ತೇನೆ.